ಬ್ರಿಟಿಷ್ ಹಾಸ್ಯಚಿತ್ರದ ಕೊನೆಯಲ್ಲಿ ಮಳೆ ಬಂದರೆ ನಗಬೇಕೋ, ಸಂತೋಷಪಡಬೇಕೋ?

ಅರೆಮಲೆನಾಡು:
ಕಳೆದ ವಾರ 'ಪಾಸ್‌ಪೋರ್ಟ್ ಟು ಪಿಮ್ಲಿಕೊ' ಎಂಬ 1949ರ ಕಪ್ಪು-ಬಿಳುಪು ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಯುದ್ಧ ಮುಗಿದಿದೆ, ಆದರೆ ಲಂಡನ್ನಿನಲ್ಲಿ ರೇಷನ್ ಮುಗಿದಿಲ್ಲ. ಪಿಮ್ಲಿಕೊ ಬಡಾವಣೆಯ ಒಂದು ಬೀದಿಯಲ್ಲಿ, ಯುದ್ಧಕಾಲದಲ್ಲಿ ಬಿದ್ದು ಸಿಡಿಯದೇ ಉಳಿದಿದ್ದ ಬಾಂಬು ಸಿಡಿದು ನೆಲದಡಿಯ ನಿಧಿಯೊಂದು ಹೊರಬೀಳುತ್ತದೆ. ನಿಧಿಯ ಜೊತೆಗೆ ಹಳೆಯ ರಾಜಪತ್ರ. ಹದಿನೈದನೆಯ ಶತಮಾನದ ಇಂಗ್ಲೆಂಡಿನ ರಾಜ ನಾಲ್ಕನೆಯ ಎಡ್ವರ್ಡ್ ಆ ಜಾಗವನ್ನು ಈಗಿನ ಫ್ರಾನ್ಸಿನಲ್ಲಿರುವ ಬರ್ಗಂಡಿಯ ದೊರೆಗೆ ಬಿಟ್ಟುಕೊಟ್ಟಿದ್ದ. ಪತ್ರವನ್ನು ಆಮೇಲೆ ಯಾರೂ ರದ್ದು ಮಾಡಿಲ್ಲ. ಅಂದಮೇಲೆ ಬೀದಿಯವರು ಕಾನೂನಿನ ಪ್ರಕಾರ ಇಂಗ್ಲೆಂಡಿಗೆ ಸೇರಿದವರೇ ಅಲ್ಲ! ರೇಷನ್ ಪುಸ್ತಕ ಹರಿದುಹಾಕುತ್ತಾರೆ, ಹೊತ್ತು ಮೀರಿ ಕುಡಿಯುತ್ತಾರೆ. ಸರ್ಕಾರ ಬೀದಿಯ ಸುತ್ತ ಮುಳ್ಳುತಂತಿ ಎಳೆಯುತ್ತದೆ, ನೀರು ನಿಲ್ಲಿಸುತ್ತದೆ.

ನನ್ನ ತಕರಾರು ಕೊನೆಯ ದೃಶ್ಯದ್ದು. ರಾಜಿಯಾಗುತ್ತದೆ, ಬೀದಿಯಲ್ಲೇ ಮೇಜು ಹಾಕಿ ಔತಣ ಏರ್ಪಡಿಸುತ್ತಾರೆ, ಹೊಸ ರೇಷನ್ ಪುಸ್ತಕ ಕೈಗೆ ಬರುತ್ತದೆ. ಅಷ್ಟರಲ್ಲಿ ಧೋ ಎಂದು ಮಳೆ. ನಮ್ಮತ್ತೆ "ಒಳ್ಳೆಯ ಶಕುನ" ಎಂದರು. ನನಗೂ ಹಾಗೆಯೇ ಅನ್ನಿಸಿತು. ಆಮೇಲೆ ಎಲ್ಲೋ ಓದಿದರೆ ಅದು ಚಿತ್ರದ ಕೊನೆಯ ಹಾಸ್ಯವಂತೆ!

ಇಂಥ ಎಷ್ಟು ಹಾಸ್ಯಗಳು ನಮ್ಮ ತಲೆಯ ಮೇಲಿಂದ ಹಾರಿಹೋಗಿರಬಹುದು? ಮಗಳು ಕೇಳಿದಳು, "ಅಪ್ಪಾ, ಇದು ಹಾಸ್ಯಚಿತ್ರ ಅಂತ ನಿಮಗೆ ಹೇಳಿದ್ದು ಯಾರು?" ಆ ಊರಿನವರಲ್ಲದವರು ಇಂಥ ಚಿತ್ರವನ್ನು ಹೇಗೆ ನೋಡಬೇಕು? ಮೊದಲು ಓದಿಕೊಂಡು ಕೂರಬೇಕೇ, ಅರ್ಥವಾದಷ್ಟಕ್ಕೆ ನಕ್ಕು ಎದ್ದುಬಿಡಬೇಕೇ?

ಹಳೇ ರೀಲು:
ಮಳೆಯ ಲೆಕ್ಕ ಚಿತ್ರದ ಮೊದಲ ದೃಶ್ಯದಲ್ಲೇ ಶುರುವಾಗುತ್ತದೆ. ನೆನಪಿಸಿಕೊಳ್ಳಿ: ರಣಬಿಸಿಲು, ಲ್ಯಾಟಿನ್ ಅಮೆರಿಕದ ಕುಣಿತದ ಸಂಗೀತ, ಬಿಸಿಲಿಗೆ ಮೈಯೊಡ್ಡಿರುವ ಜನ. ಯಾವುದೋ ಉಷ್ಣದೇಶ ಎಂದುಕೊಳ್ಳುತ್ತೀರಿ. ಆಮೇಲೆ ನೋಡಿದರೆ ಲಂಡನ್ನು, ಸಂಗೀತ ಬರುತ್ತಿರುವುದು ರೇಡಿಯೋದಿಂದ. ಪರದೇಶವಾಗಿ ಮೆರೆದ ಅಷ್ಟೂ ದಿನ ಬೀದಿಯಲ್ಲಿ ಬಿಸಿಲು. ಮತ್ತೆ ಇಂಗ್ಲೆಂಡಾದ ಗಳಿಗೆಯಲ್ಲಿ ಮಳೆ ಮತ್ತು ಚಳಿ. ತಾಯ್ನಾಡು ಮರಳಿ ಸಿಕ್ಕಿತು, ಅದರ ಹವೆಯೂ ಸಿಕ್ಕಿತು ಎಂಬ ಕೊಂಕು ಅದು. ತಮಾಷೆಯೆಂದರೆ ಚಿತ್ರೀಕರಣ ನಡೆದ 1948ರ ಬೇಸಿಗೆಯಲ್ಲಿ ಹವೆ ಕೈಕೊಟ್ಟು ಕೆಲಸ ಹಿಂದೆ ಬಿತ್ತು. ತೆರೆಯ ಮೇಲಿನ ಆ ಸೆಕೆ ಬೆವರು ಸುರಿಸಿ ಸಂಪಾದಿಸಿದ್ದು.

ಇನ್ನೊಂದನ್ನು ನೀವು ಗಮನಿಸಿರಲಿಕ್ಕಿಲ್ಲ. ಶೀರ್ಷಿಕೆಯ ಜೊತೆಗೆ ಬಟ್ಟೆಯ ರೇಷನ್ ಕೂಪನ್ನುಗಳಿಗೆ ಹೂಮಾಲೆ ಹಾಕಿ, ಯಾರೋ ತೀರಿಕೊಂಡವರಿಗೆ ಎಂಬಂತೆ ಅರ್ಪಣೆ ಮಾಡಿದ್ದಾರೆ. ಬ್ರಿಟನ್ನಿನಲ್ಲಿ ಬಟ್ಟೆಯ ರೇಷನ್ ತೆಗೆದದ್ದು 1949ರ ಮಾರ್ಚಿನಲ್ಲಿ, ಚಿತ್ರ ತೆರೆ ಕಂಡದ್ದು ಏಪ್ರಿಲಿನಲ್ಲಿ. ಹೊಸದಾಗಿ ಸತ್ತ ವೈರಿಗೆ ಶ್ರದ್ಧಾಂಜಲಿ! ಆದರೆ ಊಟದ ರೇಷನ್ ಪೂರ್ತಿ ಮುಗಿಯಲು 1954ರ ಜುಲೈವರೆಗೆ ಕಾಯಬೇಕಾಯಿತು, ಕಟ್ಟಕಡೆಗೆ ಬಿಡುಗಡೆಯಾದದ್ದು ಮಾಂಸ. ಯುದ್ಧ ಗೆದ್ದ ದೇಶ ಒಂಬತ್ತು ವರ್ಷ ಚೀಟಿ ಹಿಡಿದು ಸಾಲಿನಲ್ಲಿ ನಿಂತಿತ್ತು ಎಂಬುದು ತಲೆಯಲ್ಲಿದ್ದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ.

ಕಡಲೆಪುರಿ:
ಇಷ್ಟು ಓದಿಕೊಂಡು ನಗಬೇಕಾದರೆ ನಾನು ನಗುವುದೇ ಇಲ್ಲ, ಬಿಡಿ.

ಕೋಟೆಬೀದಿ ಶಾನುಭೋಗ:
ಕಡಲೆಪುರಿಯವರೇ, ನೀವು ಓದಿಕೊಳ್ಳಬೇಕು, ನಾನು ಓದಿಕೊಳ್ಳಬೇಕಾಗಲಿಲ್ಲ. ವಯಸ್ಸಿನ ವ್ಯತ್ಯಾಸ ಅಷ್ಟೇ.

ನಮ್ಮ ಅಕ್ಕನ ಮದುವೆಗೆ ಸಕ್ಕರೆ ಬೇಕಿತ್ತು. ಅಂಗಡಿಯಲ್ಲಿ ಹೋಗಿ ಕೊಳ್ಳುವ ಕಾಲವಲ್ಲ. ಲಗ್ನಪತ್ರಿಕೆ ಲಗತ್ತಿಸಿ ಅರ್ಜಿ ಹಾಕಿ ಪರ್ಮಿಟ್ ಪಡೆಯಬೇಕು. ಸಂಬಂಧಪಟ್ಟ ಗುಮಾಸ್ತರು ಪತ್ರಿಕೆ ನೋಡಿ "ಎಷ್ಟು ಜನ ಊಟಕ್ಕೆ?" ಎಂದರು. ಅಪ್ಪ ಒಂದು ಸಂಖ್ಯೆ ಹೇಳಿದರು. "ಅಷ್ಟು ಜನಕ್ಕೆ ಲಾಡು ಯಾಕೆ, ಪಾಯಸ ಸಾಕು" ಎಂದು ಅವರೇ ನಮ್ಮ ಮದುವೆಯ ಅಡುಗೆ ನಿಶ್ಚಯಿಸಿ ಸಕ್ಕರೆ ಕಡಿತ ಮಾಡಿದರು! ಬೀಗರ ಮುಂದೆ ಅಪ್ಪನಿಗಾದ ಮುಜುಗರ ಈಗಲೂ ನೆನಪಿದೆ. ಇನ್ನು ಸೀಮೆಎಣ್ಣೆ: ನ್ಯಾಯಬೆಲೆ ಅಂಗಡಿಯ ಮುಂದೆ ಡಬ್ಬಗಳನ್ನು ಸಾಲಾಗಿ ಇಟ್ಟು ನಾವು ನೆರಳಿಗೆ ಹೋಗಿ ಕೂರುತ್ತಿದ್ದೆವು. ಡಬ್ಬ ಸರದಿಯಲ್ಲಿ ನಿಂತಿದ್ದರೆ ಮನುಷ್ಯ ನಿಂತ ಹಾಗೆಯೇ. ಅದನ್ನು ಯಾರಾದರೂ ಹಿಂದೆ ಸರಿಸಿದರೆ ಜಗಳ.

ಚಿತ್ರದಲ್ಲಿ ಮದ್ಯದಂಗಡಿಯೊಳಗೆ ಅವರು ರೇಷನ್ ಪುಸ್ತಕಗಳನ್ನು ಚೂರುಚೂರು ಮಾಡುವಾಗ ನಾನು ಕೂಗಿಬಿಟ್ಟೆ. ನಗು ಎನ್ನುವುದಕ್ಕಿಂತ ಹಳೆಯ ಸೇಡು ತೀರಿತು ಎನ್ನಿ. ಪಕ್ಕದಲ್ಲಿದ್ದ ಮೊಮ್ಮಗ "ಯಾಕೆ ತಾತ, ಅವರು ಹರಿದದ್ದು ಯಾವ ಪುಸ್ತಕ?" ಎಂದು ಕೇಳಿದ.

ಟೇಮ್ಸ್ ದಂಡೆ:
ಲಂಡನ್ನಿನಲ್ಲಿ ಇರುವವಳಾಗಿ ಎರಡು ಮಾತು. ಪಿಮ್ಲಿಕೊ ನೋಡಬೇಕೆಂದು ಈ ಚಿತ್ರ ನೋಡಿದರೆ ಪಿಮ್ಲಿಕೊ ಸಿಗುವುದಿಲ್ಲ. ಚಿತ್ರೀಕರಣ ನಡೆದದ್ದು ಟೇಮ್ಸ್ ನದಿಯ ಆಚೆ ದಡದ ಲ್ಯಾಂಬೆತ್‌ನಲ್ಲಿ, ಬಾಂಬು ಬಿದ್ದು ಹಾಳಾಗಿದ್ದ ಬಯಲಿನಲ್ಲಿ. ಸೆಟ್ ಹಾಕಿದ ಬೀದಿಯ ಹಿಂದೆ ಕಾಣುವ ಪಾಳು ಮಾತ್ರ ನಿಜವಾದದ್ದು.

ಹೊತ್ತು ಮೀರಿ ಕುಡಿಯುವ ದೃಶ್ಯದ ಬಗ್ಗೆ. ಮೊದಲ ಮಹಾಯುದ್ಧ ಶುರುವಾದಾಗ, ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕುಡಿದು ಕೆಲಸ ತಪ್ಪಿಸುತ್ತಾರೆಂದು ಸರ್ಕಾರ ಮದ್ಯದಂಗಡಿಗಳ ವೇಳೆಯನ್ನು ಕತ್ತರಿಸಿತು. ಮಧ್ಯಾಹ್ನವೂ ಕೆಲವು ಗಂಟೆ ಬಾಗಿಲು ಹಾಕಬೇಕು. ಯುದ್ಧ ಮುಗಿದರೂ ಆ ಕಟ್ಟಳೆ ಮುಗಿಯಲಿಲ್ಲ. ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಬಿಡುವು ಹೋದದ್ದು 1988ರಲ್ಲಿ. ತಾತ್ಕಾಲಿಕ ಎಂದು ಬಂದ ನಿಯಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಡಿದ ಮೇಲೆ, ಪೊಲೀಸನ ಎದುರಿಗೇ "ನಾವೀಗ ಪರದೇಶದವರು" ಎಂದು ಲೋಟ ಎತ್ತುವುದರ ಸುಖವೇ ಬೇರೆ. ಆ ಪೊಲೀಸನೂ ಅದೇ ಬೀದಿಯವನು, ಅವನೂ ಬರ್ಗಂಡಿಯವನೇ!

ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರನ್ನು ನಿಮ್ಮ ಮಳೆಯ ಬಗ್ಗೆ ಕೇಳಿದೆ. "ಮಳೆ ಬಂದದ್ದು ಶುಭ ಎಂದರೇ?" ಎಂದು ಅವರು ನಕ್ಕ ನಗುವಿದೆಯಲ್ಲ, ಚಿತ್ರಕ್ಕೂ ಅಷ್ಟು ನಕ್ಕಿರಲಿಕ್ಕಿಲ್ಲ. ನಿಮ್ಮತ್ತೆ ಅವರಿಗೆ ಹೊಸ ಹಾಸ್ಯವೊಂದನ್ನು ಕೊಟ್ಟರು.

ಅರೆಮಲೆನಾಡು:
ಅತ್ತೆಗೆ ಹೇಳಿದೆ. "ಮಳೆಯನ್ನು ನೋಡಿ ಮೂಗು ಮುರಿಯುವವರ ದೇಶದಲ್ಲಿ ಬೆಳೆ ಹೇಗೆ ಬರುತ್ತದೆ?" ಎಂದರು. ಉತ್ತರ ಯಾರ ಬಳಿಯಾದರೂ ಇದ್ದರೆ ಕಳಿಸಿ.

ನಿಷ್ಠುರ:
ಎಲ್ಲರೂ ಬಹಳ ಮುದ್ದಾಗಿ ಮಾತನಾಡುತ್ತಿದ್ದೀರಿ. ನನಗೊಂದು ಪ್ರಶ್ನೆ. 1943ರಲ್ಲಿ ಬಂಗಾಳದಲ್ಲಿ ಹಸಿವು ಮತ್ತು ಅದರ ಹಿಂದೆ ಬಂದ ರೋಗಗಳಿಂದ ಸತ್ತವರು ಇಪ್ಪತ್ತರಿಂದ ಮೂವತ್ತು ಲಕ್ಷ. ಲಂಡನ್ನಿನವರಿಗೆ ರೇಷನ್ ಪುಸ್ತಕವಾದರೂ ಇತ್ತು. ಬಂಗಾಳದ ಹಳ್ಳಿಯವನಿಗೆ ಅದೂ ಇರಲಿಲ್ಲ. ಅದೇ ಸಾಮ್ರಾಜ್ಯದ ರಾಜಧಾನಿ ಆರು ವರ್ಷದ ನಂತರ "ನಮಗೆ ಮಾಂಸ ಕಡಿಮೆ, ಸಕ್ಕರೆ ಕಡಿಮೆ" ಎಂದು ಗೋಳಾಡಿ ಹಾಸ್ಯ ಮಾಡಿದರೆ ನಾವು ಕೂತು ನಗಬೇಕೇ? ಮುಳ್ಳುತಂತಿಯ ಮೇಲಿಂದ ಲಂಡನ್ ಜನ ಬ್ರೆಡ್ಡು, ತರಕಾರಿ ಎಸೆಯುವ ದೃಶ್ಯವನ್ನು ನೋಡಿ ನನಗೆ ಬಂದದ್ದು ಸಿಟ್ಟು.

ಹಳೇ ರೀಲು:
ಸಿಟ್ಟು ನ್ಯಾಯವಾದದ್ದೇ, ಗುರಿ ತಪ್ಪಿದೆ. ಈ ಚಿತ್ರ ಗೇಲಿ ಮಾಡುವುದು ಯಾರನ್ನು? ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಯಾದ ವೈಟ್‌ಹಾಲಿನ ಅಧಿಕಾರಿಗಳನ್ನು. ಬೀದಿಯ ಕಡತವನ್ನು "ಇದು ಗೃಹ ಇಲಾಖೆಗೆ ಸೇರಿದ್ದು", "ಅಲ್ಲ, ವಿದೇಶಾಂಗಕ್ಕೆ ಸೇರಿದ್ದು" ಎಂದು ಅತ್ತಿತ್ತ ತಳ್ಳುತ್ತಾರಲ್ಲ, ನಮ್ಮ ತಾತಂದಿರ ಅರ್ಜಿಗಳನ್ನು ನುಂಗಿದ್ದೂ ಅದೇ ಜಾತಿಯ ಮೇಜು. ಬ್ಯಾಸಿಲ್ ರಾಡ್‌ಫರ್ಡ್, ನಾಂಟನ್ ವೇನ್ ಎಂಬ ಜೋಡಿ ಆ ಪಾತ್ರಗಳನ್ನು ಮಾಡಿದೆ. ಇಬ್ಬರೂ ಎಷ್ಟು ಸಭ್ಯರೆಂದರೆ, ಬೀದಿಗೆ ನೀರು ನಿಲ್ಲಿಸುವಾಗಲೂ ಟೋಪಿ ತೆಗೆದು ನಿಲ್ಲಿಸುತ್ತಾರೇನೋ ಅನ್ನಿಸುತ್ತದೆ.

ನಿಷ್ಠುರ:
ಸಭ್ಯತೆಯಿಂದ ನಿಲ್ಲಿಸಿದರೆ ಬಾಯಾರಿಕೆ ಕಡಿಮೆಯಾಗುತ್ತದೆಯೇ?

ಕೋಟೆಬೀದಿ ಶಾನುಭೋಗ:
ಇಲ್ಲ. ಆದರೆ ನಗು ಬರುವುದೇ ಅಲ್ಲಿ. ನಮ್ಮ ಸಕ್ಕರೆ ಗುಮಾಸ್ತರೂ ಬಹಳ ಸಭ್ಯರು. "ಮಗಳಿಗೆ ನನ್ನ ಆಶೀರ್ವಾದ ತಿಳಿಸಿ" ಎಂದು ಹೇಳಿಯೇ ಕಡಿತ ಮಾಡಿದ್ದು.

ಗಡಿಯೂರಿನವಳು:
ನಾನು ನಿಪ್ಪಾಣಿಯ ಕಡೆಯವಳು. ಗಡಿ ಎಂದರೆ ನಮಗೆ ಹಾಸ್ಯದ ವಸ್ತುವಲ್ಲ, ಆದರೂ ಈ ಚಿತ್ರಕ್ಕೆ ಹೊಟ್ಟೆ ಹಿಡಿದು ನಕ್ಕೆ. ಸುರಂಗದ ರೈಲನ್ನು ನಡುವೆ ನಿಲ್ಲಿಸಿ "ಬರ್ಗಂಡಿಯ ನೆಲದಡಿ ಹೋಗುತ್ತಿದ್ದೀರಿ, ಪಾಸ್‌ಪೋರ್ಟ್ ತೋರಿಸಿ" ಎಂದು ತಪಾಸಣೆಗೆ ಇಳಿಯುತ್ತಾರಲ್ಲ, ಅದನ್ನು ಎರಡನೆಯ ಸಲ ಹಾಕಿಸಿಕೊಂಡು ನೋಡಿದೆ.

ಇಂಗ್ಲಿಷರಿಗೆ ಇದು ಕಲ್ಪನೆ. ನಮ್ಮ ಉಪಖಂಡದಲ್ಲಿ ಜನ ಇದನ್ನು ಬದುಕಿದ್ದಾರೆ. ಕೂಚ್‌ಬಿಹಾರದ ಸುತ್ತ 2015ರವರೆಗೆ ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡು, ಭಾರತದ ಒಳಗೆ ಬಾಂಗ್ಲಾದೇಶದ 51 ತುಂಡು ನೆಲ ಇದ್ದವು. ಅಲ್ಲಿಯವರಿಗೆ ತಮ್ಮ ದೇಶದ ಶಾಲೆ, ಆಸ್ಪತ್ರೆಗೆ ಹೋಗಬೇಕಾದರೂ ಪರದೇಶ ದಾಟಬೇಕು. ಒಂದು ತುಂಡಿನ ಒಳಗೆ ಇನ್ನೊಂದು, ಅದರ ಒಳಗೆ ಮತ್ತೊಂದು ಕೂಡ ಇತ್ತು. ಆ ವರ್ಷ ಜುಲೈ 31ರ ಮಧ್ಯರಾತ್ರಿ ಎರಡೂ ಸರ್ಕಾರಗಳು ಅದಲುಬದಲು ಮಾಡಿಕೊಂಡವು.

ಅಷ್ಟು ದೂರ ಯಾಕೆ, ಬೆಂಗಳೂರನ್ನೇ ನೋಡಿ. ಮೈಸೂರು ರಾಜ್ಯದ ನಟ್ಟನಡುವೆ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. 1881ರಲ್ಲಿ ಒಡೆಯರಿಗೆ ರಾಜ್ಯ ಹಿಂತಿರುಗಿಸುವಾಗ ಆ ಭಾಗವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಇತ್ತ ಪೇಟೆಯಲ್ಲಿ ಮಹಾರಾಜರ ಕಾನೂನು, ಅತ್ತ ದಂಡಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟರದ್ದು. ಮೈಸೂರಿಗೆ ಅದು ಮರಳಿ ಸಿಕ್ಕಿದ್ದು 1947ರ ಜುಲೈನಲ್ಲಿ, ಎರಡೂ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಪಿಮ್ಲಿಕೊ ಚಿತ್ರ ಬಂದ ವರ್ಷವೇ! ನಮ್ಮವರು ಯಾರೂ ಅದರ ಮೇಲೊಂದು ಹಾಸ್ಯಚಿತ್ರ ಮಾಡಲಿಲ್ಲವಲ್ಲ ಎಂಬುದು ನನ್ನ ಕೊರಗು.

ಕಡಲೆಪುರಿ:
ಈಗಲೂ ಮಾಡಬಹುದು. ಕಬ್ಬನ್ ಪಾರ್ಕಿನಲ್ಲಿ ಒಂದು ತಾಮ್ರಪತ್ರ ಸಿಗಲಿ, ಉಳಿದದ್ದನ್ನು ನಾನು ಬರೆಯುತ್ತೇನೆ.

ಬಿ.ಎ. ಇತಿಹಾಸ:
ನನಗೆ ತಿಳಿದಂತೆ ಇದು ಪಿಮ್ಲಿಕೊದಲ್ಲಿ ನಿಜವಾಗಿ ನಡೆದ ಘಟನೆ. ನಾಲ್ಕನೆಯ ಎಡ್ವರ್ಡ್‌ಗೂ ಬರ್ಗಂಡಿಗೂ ನೆಂಟಸ್ತಿಕೆ ಇತ್ತು.

ಹಳೇ ರೀಲು:
ನೆಂಟಸ್ತಿಕೆ ನಿಜ, ಉಳಿದದ್ದು ಕಟ್ಟುಕಥೆ. ಎಡ್ವರ್ಡನ ತಂಗಿ ಮಾರ್ಗರೆಟ್ 1468ರಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್‌ನನ್ನು ಮದುವೆಯಾದಳು. ಚಾರ್ಲ್ಸ್ 1477ರಲ್ಲಿ ನ್ಯಾನ್ಸಿಯ ಯುದ್ಧದಲ್ಲಿ ಸತ್ತ. ಗುರುತು ಸಿಗದಷ್ಟು ವಿಕಾರವಾಗಿದ್ದ ಹೆಣ ಸಿಕ್ಕಿದ್ದು ಕೆಲವು ದಿನಗಳ ಮೇಲೆ. ಚಿತ್ರಕಥೆ ಬರೆದ ಟಿ.ಇ.ಬಿ. ಕ್ಲಾರ್ಕ್ ಆ ಸಂದೇಹದ ಬಿರುಕಿನಲ್ಲೇ ಕೈಹಾಕಿ, ದೊರೆ ಸಾಯಲಿಲ್ಲ, ಭಾವಮೈದುನನ ಆಶ್ರಯದಲ್ಲಿ ಲಂಡನ್ನಿನಲ್ಲಿ ಅಡಗಿದ್ದ ಎಂದು ಕಥೆ ಹೆಣೆದ. ಮಾರ್ಗರೆಟ್ ರುದರ್‌ಫರ್ಡ್ ಮಾಡಿರುವ ಇತಿಹಾಸದ ಪ್ರಾಧ್ಯಾಪಕಿ ಅದನ್ನು ನ್ಯಾಯಾಲಯದಲ್ಲಿ ಎಷ್ಟು ಸಂಭ್ರಮದಿಂದ ಮಂಡಿಸುತ್ತಾಳೆಂದರೆ ನಿಮ್ಮಂಥವರು ನಂಬುವುದರಲ್ಲಿ ತಪ್ಪೇನಿಲ್ಲ.

ಕಥೆಗೆ ಕಿಡಿ ಸಿಕ್ಕಿದ್ದು ಕೆನಡಾದಿಂದ. ಯುದ್ಧಕಾಲದಲ್ಲಿ ನೆದರ್ಲೆಂಡ್ಸಿನ ರಾಜಕುಮಾರಿ ಜೂಲಿಯಾನಾ ಒಟ್ಟಾವಾದಲ್ಲಿದ್ದಳು. 1943ರ ಜನವರಿಯಲ್ಲಿ ಹುಟ್ಟಿದ ಮಗು ಕೆನಡಾದ ಪ್ರಜೆಯಾಗಬಾರದು ಎಂದು ಆಕೆಯ ಹೆರಿಗೆಕೋಣೆಯನ್ನು ಯಾವ ದೇಶದ ಕಾನೂನೂ ತಾಗದ ಜಾಗವೆಂದು ಸರ್ಕಾರ ಘೋಷಿಸಿತು. ಒಂದು ಕೋಣೆಗೆ ಹೀಗಾಗುವುದಾದರೆ ಒಂದು ಬೀದಿಗೆ ಯಾಕಾಗಬಾರದು?

ಬಿ.ಎ. ಇತಿಹಾಸ:
ನಿಮ್ಮ ಕೆನಡಾ ಕಥೆ ನನ್ನ ಕಥೆಗಿಂತ ನಂಬಲು ಕಷ್ಟವಾಗಿದೆ.

ಟೇಮ್ಸ್ ದಂಡೆ:
ನಂಬಲು ಇನ್ನೂ ಕಷ್ಟವಾದದ್ದೊಂದನ್ನು ಕೇಳಿ. ಚಿತ್ರ ಬಂದು ಇಪ್ಪತ್ತೆಂಟು ವರ್ಷದ ಮೇಲೆ, 1977ರಲ್ಲಿ, ಪಶ್ಚಿಮ ಲಂಡನ್ನಿನ ಫ್ರೆಸ್ಟನ್ ರಸ್ತೆಯವರು ನಿಜವಾಗಿಯೇ ಸ್ವಾತಂತ್ರ್ಯ ಘೋಷಿಸಿದರು. ಹಳೆಯ ಖಾಲಿ ಮನೆಗಳಲ್ಲಿ ಸೇರಿಕೊಂಡಿದ್ದ ಜನ. ನಗರಾಡಳಿತ ಒಕ್ಕಲೆಬ್ಬಿಸಲು ಹೊರಟಿತ್ತು. 'ಫ್ರೆಸ್ಟೋನಿಯಾ' ಎಂದು ಹೆಸರಿಟ್ಟುಕೊಂಡು ಸ್ವಂತ ಅಂಚೆಚೀಟಿ ಮಾಡಿದರು, ವಿಶ್ವಸಂಸ್ಥೆಗೆ ಅರ್ಜಿ ಬರೆದರು. ಒಂದೇ ಕುಟುಂಬದವರಾದರೆ ಒಟ್ಟಿಗೆ ಮನೆ ಕೊಡಬೇಕಾಗುತ್ತದೆ ಎಂದು ಬೀದಿಯವರೆಲ್ಲ 'ಬ್ರ್ಯಾಮ್ಲಿ' ಎಂಬ ಒಂದೇ ಕುಲನಾಮ ಇಟ್ಟುಕೊಂಡರು! ಕೊನೆಗೆ ಅಲ್ಲಿ ಮನೆಗಳು ಅವರಿಗೇ ಎದ್ದವು.

ನಿಷ್ಠುರ ಅವರೇ, ಇದು ನಿಮಗೆ ಹಿಡಿಸಬೇಕು.

ನಿಷ್ಠುರ:
ಇದು ಹಿಡಿಸಿತು. ಇದರ ಮೇಲೆ ಚಿತ್ರ ಮಾಡಿದರೆ ನೋಡುತ್ತೇನೆ.

ರೈನ್ ತೀರದ ರಾಗಿಮುದ್ದೆ:
ವಿಷಯ ಸ್ವಲ್ಪ ಪಕ್ಕಕ್ಕೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಪರದೇಶದವರು ಬ್ರಿಟಿಷ್ ಹಾಸ್ಯ ನೋಡುವ ಬಗ್ಗೆ ಮಾತು ಬಂದರೆ ಜರ್ಮನಿಯನ್ನು ಬಿಡುವ ಹಾಗಿಲ್ಲ. 1963ರಲ್ಲಿ ಹ್ಯಾಂಬರ್ಗಿನ ದೂರದರ್ಶನ ಕೇಂದ್ರ 'ಡಿನ್ನರ್ ಫಾರ್ ಒನ್' ಎಂಬ ಪುಟ್ಟ ನಾಟಕ ಚಿತ್ರಿಸಿತು. ಫ್ರೆಡಿ ಫ್ರಿಂಟನ್ ಮತ್ತು ಮೇ ವಾರ್ಡನ್ ಎಂಬ ಇಂಗ್ಲಿಷ್ ನಟರು, ಇಂಗ್ಲಿಷ್ ಮಾತು. ತೊಂಬತ್ತರ ಮುದುಕಿಯ ಹುಟ್ಟುಹಬ್ಬ. ಅತಿಥಿಗಳಾಗಿದ್ದ ನಾಲ್ವರು ಗೆಳೆಯರು ಎಂದೋ ತೀರಿಕೊಂಡಿದ್ದಾರೆ. ಅವರ ಕುರ್ಚಿಗಳ ಮುಂದೆ ಬಡಿಸಿದ ಮದ್ಯವನ್ನೆಲ್ಲ ಮನೆಯ ಆಳೇ ಒಬ್ಬೊಬ್ಬರ ಪರವಾಗಿ ಕುಡಿಯುತ್ತ ಹೋಗಿ ತೂರಾಡುತ್ತಾನೆ. ನೆಲದ ಮೇಲೆ ಹಾಸಿದ ಹುಲಿಚರ್ಮದ ತಲೆಗೆ ಸುತ್ತಿಗೊಂದು ಸಲ ಎಡವುತ್ತಾನೆ.

ಹದಿನೆಂಟು ನಿಮಿಷದ್ದು. ಡಿಸೆಂಬರ್ 31ರ ಸಂಜೆ ಇಡೀ ಜರ್ಮನಿ ಇದನ್ನು ನೋಡುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಇಂಗ್ಲಿಷ್ ಬಾರದು, ಆದರೂ ಪ್ರತಿ ಮಾತನ್ನು ನಟನಿಗಿಂತ ಅರೆಕ್ಷಣ ಮೊದಲೇ ಹೇಳಿಬಿಡುತ್ತಾರೆ. ಬ್ರಿಟನ್ನಿನಲ್ಲಿ ಮಾತ್ರ ಬಹುಮಂದಿಗೆ ಇದರ ಗುರುತೇ ಇಲ್ಲ. ಅಲ್ಲಿನ ದೂರದರ್ಶನದಲ್ಲಿ ಮೊದಲ ಸಲ ಬಂದದ್ದು 2018ರಲ್ಲಿ. ಹಾಗಾದರೆ ಇದು ಯಾರ ಹಾಸ್ಯ?

ಟೇಮ್ಸ್ ದಂಡೆ:
ಅಲ್ಬೇನಿಯಾವನ್ನು ಮರೆತಿರಿ! ಅಲ್ಲಿನ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾನ ಕಾಲದಲ್ಲಿ ಪಶ್ಚಿಮದ ಬಹುತೇಕ ಚಿತ್ರಗಳು ನಿಷಿದ್ಧ, ನಾರ್ಮನ್ ವಿಸ್ಡಮ್ ಎಂಬ ಕುಳ್ಳನೆಯ ಬ್ರಿಟಿಷ್ ಹಾಸ್ಯನಟನ ಚಿತ್ರಗಳಿಗೆ ರಹದಾರಿ. ಬಿಗಿಯಾದ ಕೋಟು, ಓರೆಯಾದ ಟೋಪಿ, ಯಜಮಾನನ ಕೈಯಲ್ಲಿ ಸದಾ ಬೈಸಿಕೊಳ್ಳುವ ಬಡ ಕೆಲಸಗಾರ ಪಿಟ್ಕಿನ್. ಬಂಡವಾಳಶಾಹಿಗಳು ಕಾರ್ಮಿಕನನ್ನು ಹೇಗೆ ಗೋಳುಹೊಯ್ದುಕೊಳ್ಳುತ್ತಾರೆ ನೋಡಿ ಎಂದು ಪಕ್ಷದವರು ಅರ್ಥ ಮಾಡಿದರು. ಜನ ನಕ್ಕರು, ಅಷ್ಟೇ. 2001ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಟಿರಾನಾಕ್ಕೆ ಹೋದಾಗ ಎಂಬತ್ತು ದಾಟಿದ ವಿಸ್ಡಮ್ ಕೂಡ ಅಲ್ಲಿದ್ದರು. ಬೆಕ್‌ಹ್ಯಾಮ್‌ಗಿಂತ ಹೆಚ್ಚು ಜನ ಮುತ್ತಿದ್ದು ಇವರನ್ನು.

ಕೋಟೆಬೀದಿ ಶಾನುಭೋಗ:
ಹಾಗಾದರೆ ತಪ್ಪಾಗಿ ಅರ್ಥ ಮಾಡಿಕೊಂಡು ಸರಿಯಾಗಿ ನಗಬಹುದು ಎಂದಾಯಿತು. ಅರೆಮಲೆನಾಡು ಅವರ ಅತ್ತೆಯವರಿಗೆ ಇದನ್ನು ಖಂಡಿತ ತಿಳಿಸಿ.

ಹಳೇ ರೀಲು:
ಒಪ್ಪುವುದಿಲ್ಲ. ಆಳು ಎಡವಿ ಬಿದ್ದರೆ ಎಲ್ಲ ದೇಶದವರೂ ನಗುತ್ತಾರೆ, ಅದಕ್ಕೆ ಯಾವ ತಿಳಿವಳಿಕೆಯೂ ಬೇಡ. ಪಿಮ್ಲಿಕೊ ಅಂಥದ್ದಲ್ಲ. ಮುತ್ತಿಗೆಗೆ ಸಿಕ್ಕ ಬೀದಿಗೆ ಹೆಲಿಕಾಪ್ಟರಿನಿಂದ ಕೊಳವೆ ಇಳಿಬಿಟ್ಟು ಹಾಲು ಸುರಿಸುತ್ತಾರೆ, ಪ್ಯಾರಾಚೂಟ್ ಕಟ್ಟಿದ ಹಂದಿಯನ್ನು ಇಳಿಸುತ್ತಾರೆ. ಮಕ್ಕಳು ಅದನ್ನು ನೋಡಿ ನಗುತ್ತಾರೆ, ಸರಿ. 1949ರ ಪ್ರೇಕ್ಷಕ ಅದಕ್ಕಿಂತ ಹೆಚ್ಚು ನಕ್ಕ. ಯಾಕೆಂದರೆ ಆ ಏಪ್ರಿಲಿನಲ್ಲಿ, ಸೋವಿಯತ್ ಒಕ್ಕೂಟ ರಸ್ತೆ, ರೈಲು ತಡೆದು ಪಶ್ಚಿಮ ಬರ್ಲಿನ್ನಿಗೆ ಹಾಕಿದ್ದ ದಿಗ್ಬಂಧನ ಇನ್ನೂ ಮುಗಿದಿರಲಿಲ್ಲ. ಬ್ರಿಟಿಷ್ ಮತ್ತು ಅಮೆರಿಕದ ವಿಮಾನಗಳು ಹಗಲಿರುಳು ಹಿಟ್ಟು, ಕಲ್ಲಿದ್ದಲು ಸಾಗಿಸುತ್ತಿದ್ದವು. ಸ್ಟಾಲಿನ್ ಬರ್ಲಿನ್ನಿಗೆ ಮಾಡಿದ್ದನ್ನು ಇಲ್ಲಿ ಲಂಡನ್ ತನ್ನದೇ ಬೀದಿಗೆ ಮಾಡುತ್ತಿದೆ! ಇದು ಗೊತ್ತಿದ್ದವನ ನಗುವಿನಲ್ಲಿ ಚೂರು ಅಂಜಿಕೆ ಇರುತ್ತದೆ. ಆ ಅಂಜಿಕೆಯನ್ನು ಕಳೆದುಕೊಂಡು ಹಂದಿಯನ್ನು ಮಾತ್ರ ನೋಡಿದರೆ ಅರ್ಧ ಚಿತ್ರ ನೋಡಿದಂತೆ.

ಗಡಿಯೂರಿನವಳು:
ರೀಲು ಸರ್, ಬರ್ಲಿನ್ ವಿಷಯ ನನಗೆ ಈಗ ನಿಮ್ಮಿಂದ ತಿಳಿಯಿತು. ಆದರೆ ಅಂಜಿಕೆ ಆಗಲೇ ಬಂದಿತ್ತು. ಮುಳ್ಳುತಂತಿಯ ಆಚೆ ಈಚೆ ಒಂದೇ ಊರಿನವರು ನಿಂತಿರುವುದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮಲ್ಲಿ ಗಲಾಟೆಯಾಗಿ ಬಸ್ಸು ನಿಂತ ದಿನಗಳು, ಅತ್ತಲ ಊರಿನಲ್ಲೇ ಉಳಿದುಕೊಂಡ ಚಿಕ್ಕಮ್ಮ. ನಿಮ್ಮ 1949ರ ಪ್ರೇಕ್ಷಕನಿಗೆ ಬರ್ಲಿನ್ ಇದ್ದ ಹಾಗೆ ನನಗೆ ನನ್ನ ಊರು ಇದೆ. ಅರ್ಧ ಚಿತ್ರ ಯಾಕಾಗುತ್ತದೆ?

ಇನ್ನೊಂದು. ಕಿಟಕಿಯಿಂದ ಒಬ್ಬ ಹೆಂಗಸು ಅಧಿಕಾರಿಗಳಿಗೆ, ನಾವು ಇಂಗ್ಲಿಷರಾದದ್ದರಿಂದಲೇ ಬರ್ಗಂಡಿಯವರಾಗುವ ಹಕ್ಕನ್ನು ಬಿಡುವುದಿಲ್ಲ ಎಂಬರ್ಥದಲ್ಲಿ ಗದರುತ್ತಾಳಲ್ಲ, ಅದು ಅರ್ಥವಾಗಲು ಇಂಗ್ಲೆಂಡಿನಲ್ಲಿ ಹುಟ್ಟಬೇಕಾಗಿಲ್ಲ. ಹಟವಿದ್ದರೆ ಸಾಕು.

ಹಳೇ ರೀಲು:
ಹಟದ ವಿಷಯದಲ್ಲಿ ನಿಮ್ಮೊಡನೆ ವಾದಿಸುವುದಿಲ್ಲ.

ಇನ್ನೊಂದು ಮಾತು ಹೇಳಬೇಕೆಂದಿದ್ದೆ. ಇವನ್ನು ತೀರಾ ಇಂಗ್ಲಿಷ್ ಎಂದು ಪೂಜೆ ಮಾಡುವವರಿದ್ದಾರೆ. ಮಾಡಿದವರು ಯಾರು ನೋಡಿ. ಪಿಮ್ಲಿಕೊ ನಿರ್ದೇಶಿಸಿದ ಹೆನ್ರಿ ಕಾರ್ನೀಲಿಯಸ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಪಿಮ್ಲಿಕೊ ತಯಾರಿಸಿದ ಈಲಿಂಗ್ ಸ್ಟುಡಿಯೋಗೇ 'ವಿಸ್ಕಿ ಗ್ಯಾಲೋರ್' ಮತ್ತು 'ದಿ ಲೇಡಿಕಿಲ್ಲರ್ಸ್' ಮಾಡಿಕೊಟ್ಟ ಅಲೆಕ್ಸಾಂಡರ್ ಮ್ಯಾಕೆಂಡ್ರಿಕ್ ಹುಟ್ಟಿದ್ದು ಅಮೆರಿಕದ ಬಾಸ್ಟನ್ನಿನಲ್ಲಿ, ಬೆಳೆದದ್ದು ಸ್ಕಾಟ್‌ಲೆಂಡಿನಲ್ಲಿ. ಲೇಡಿಕಿಲ್ಲರ್ಸ್ ಬರೆದ ವಿಲಿಯಂ ರೋಸ್ ಅಮೆರಿಕದವನು. ಅದರಲ್ಲಿ ಕೇಡಿಯಾಗಿರುವ ಹರ್ಬರ್ಟ್ ಲಾಮ್ ಪ್ರಾಗ್ ನಗರದವನು. ಹೊರಗಿನಿಂದ ಬಂದವರ ಕಣ್ಣಿಗೇ ಇಂಗ್ಲಿಷರು ಇಷ್ಟು ಚೆನ್ನಾಗಿ ಕಂಡದ್ದು ಎಂಬುದು ನನ್ನ ಅಭಿಪ್ರಾಯ. ಒಳಗಿದ್ದವರಿಗೆ ತಮ್ಮ ವಿಚಿತ್ರ ಕಾಣುವುದಿಲ್ಲ.

ಅರೆಮಲೆನಾಡು:
ಅರ್ಧ ಚಿತ್ರ ನೋಡಿದಿರಿ ಎಂದು ಮೇಲೆ ಬೈದವರೇ ಈಗ ಹೊರಗಿನವರ ಕಣ್ಣೇ ಚೆನ್ನ ಎನ್ನುತ್ತಿದ್ದೀರಿ!

ಹಳೇ ರೀಲು:
ಅವರು ಅಲ್ಲಿ ವರ್ಷಗಟ್ಟಲೆ ಇದ್ದರು ಸ್ವಾಮಿ. ಸೋಫಾದಲ್ಲಿ ಕೂತು ನೋಡಿದವರಲ್ಲ.

ಕಡಲೆಪುರಿ:
ನಿಮ್ಮೆಲ್ಲರ ಮಾತು ಕೇಳಿ ನಿನ್ನೆ 'ವಿಸ್ಕಿ ಗ್ಯಾಲೋರ್' ನೋಡಿದೆ. ಓದಿಕೊಳ್ಳಲಿಲ್ಲ. ಸ್ಕಾಟ್‌ಲೆಂಡಿನ ಪುಟ್ಟ ದ್ವೀಪದಲ್ಲಿ ಯುದ್ಧಕಾಲಕ್ಕೆ ವಿಸ್ಕಿ ಮುಗಿದು ಜನ ಸೊರಗಿದ್ದಾರೆ. ಆಗ ಪೆಟ್ಟಿಗೆಗಟ್ಟಲೆ ವಿಸ್ಕಿ ಹೊತ್ತ ಹಡಗು ಮಂಜಿನಲ್ಲಿ ಬಂಡೆಗೆ ಬಡಿದು ನಿಲ್ಲುತ್ತದೆ. ದೋಣಿ ಸಿದ್ಧ, ಗಂಡಸರು ಸಿದ್ಧ, ಗಡಿಯಾರ ಹನ್ನೆರಡು ಹೊಡೆಯುತ್ತದೆ. ಭಾನುವಾರ ಬಂತು! ದೇವರ ದಿನ, ಕೆಲಸ ಮಾಡುವ ಹಾಗಿಲ್ಲ. ಇಡೀ ಊರು ಮುಳುಗುತ್ತಿರುವ ಹಡಗನ್ನು ನೋಡುತ್ತ ಮತ್ತೊಂದು ಹನ್ನೆರಡು ಗಂಟೆಗೆ ಕಾಯುತ್ತದೆ.

ನಮ್ಮ ಮನೆಯಲ್ಲಿ ಏಕಾದಶಿಯ ರಾತ್ರಿ ತಾತ ದ್ವಾದಶಿಯ ಪಾರಣೆಗೆ ಗಡಿಯಾರ ನೋಡುತ್ತ ಕೂರುವ ಮುಖ ಥೇಟ್ ಅದೇ. ಕದಿಯಲು ಹೊರಟವರಿಗೂ ಮಡಿ! ಒಬ್ಬನೇ ಕೂತು ಜೋರಾಗಿ ನಕ್ಕೆ, ಅಮ್ಮ ಬಂದು ಏನಾಯಿತೆಂದು ನೋಡಿಹೋದರು.

ಕೋಟೆಬೀದಿ ಶಾನುಭೋಗ:
ಭೇಷ್. ಆ ಕಥೆಯ ಹಿಂದೆ ನಿಜ ಘಟನೆ ಇದೆ, ಬಿ.ಎ. ಇತಿಹಾಸದವರು ಕೇಳಿಸಿಕೊಳ್ಳಲಿ. 1941ರ ಫೆಬ್ರವರಿಯಲ್ಲಿ 'ಪಾಲಿಟಿಷಿಯನ್' ಎಂಬ ಹಡಗು ಎರಿಸ್ಕೆ ದ್ವೀಪದ ಬಳಿ ನೆಲಕ್ಕೆ ತಗುಲಿತು. ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಬಾಟಲಿ ವಿಸ್ಕಿ ಇತ್ತು. ದ್ವೀಪದವರು ಕೈಗೆ ಸಿಕ್ಕಷ್ಟು ಸಾಗಿಸಿದರು, ಸುಂಕದವರು ಬೆನ್ನು ಹತ್ತಿದರು, ಕೆಲವರು ಜೈಲಿಗೂ ಹೋದರು.

ಬಿ.ಎ. ಇತಿಹಾಸ:
ರಾಜಕಾರಣಿ ಎಂಬ ಹಡಗು ತುಂಬ ವಿಸ್ಕಿ. ಇದನ್ನು ಮಾತ್ರ ತಕರಾರಿಲ್ಲದೆ ನಂಬುತ್ತೇನೆ.

ನಿಷ್ಠುರ:
ನಾನು ಲೇಡಿಕಿಲ್ಲರ್ಸ್ ನೋಡಿದೆ, 1955ರದ್ದು. ರೈಲುಹಳಿಯ ಪಕ್ಕದ ವಾಲಿದ ಮನೆಯಲ್ಲಿ ಒಂಟಿ ಮುದುಕಿ. ಸಂಗೀತಗಾರರೆಂದು ಸುಳ್ಳು ಹೇಳಿ ಕೋಣೆ ಬಾಡಿಗೆಗೆ ಹಿಡಿಯುವ ದರೋಡೆಕೋರರು. ಗ್ರಾಮಫೋನಿನಲ್ಲಿ ಬೊಕ್ಕೆರಿನಿ ಸಂಗೀತ ಹಾಕಿಟ್ಟು ಒಳಗೆ ಸಂಚು ನಡೆಸುತ್ತಾರೆ. ಆಕೆಯೋ ನಿಮಿಷಕ್ಕೊಂದು ಸಲ ಬಾಗಿಲು ತಟ್ಟಿ "ಚಹಾ ಬೇಕೇ?" ಎನ್ನುತ್ತಾಳೆ. ಮೊದಲ ಅರ್ಧ ಗಂಟೆ ನನಗೆ ನಗುವೇ ಬರಲಿಲ್ಲ. ಆಮೇಲೆ ಐವರು ಕೇಡಿಗಳು ಒಬ್ಬ ಮುದುಕಿಯ ಗದರಿಕೆಗೆ ಶಾಲಾ ಹುಡುಗರಂತೆ ತಲೆ ತಗ್ಗಿಸಿ ನಿಲ್ಲುತ್ತಾರೆ ನೋಡಿ, ಅಲ್ಲಿಂದ ತಡೆಯಲಾಗಲಿಲ್ಲ.

ಆದರೂ ನನ್ನ ಓದು ಬೇರೆ. ಆ ಮುದುಕಿಯೇ ಸಾಮ್ರಾಜ್ಯ. ಗಂಡ ಹಡಗಿನ ಕಪ್ತಾನ, ಹಡಗಿನೊಡನೆ ಮುಳುಗಿದವನು. ಸಾಕಿದ ಗಿಳಿಗೆ ಜನರಲ್ ಗಾರ್ಡನ್ ಎಂದು ಸಾಮ್ರಾಜ್ಯದ ಹೆಸರಾಂತ ಸೇನಾನಿಯ ಹೆಸರು. ಮನೆ ಬಿರುಕು ಬಿಟ್ಟಿದೆ, ಗೋಡೆಯ ಪಟ ನೆಟ್ಟಗೆ ನಿಲ್ಲುವುದಿಲ್ಲ. ಸುತ್ತಲಿನವರೆಲ್ಲ ಒಬ್ಬರನ್ನೊಬ್ಬರು ಮುಗಿಸಿಕೊಳ್ಳುತ್ತಾರೆ, ಕೊನೆಗೆ ಹಣವೆಲ್ಲ ಉಳಿಯುವುದು ಆಕೆಯ ಹತ್ತಿರವೇ. ಹೇಗಿದೆ?

ಗಡಿಯೂರಿನವಳು:
ಚೆನ್ನಾಗಿದೆ, ಆದರೆ ಆಕೆ ಹಣವನ್ನು ಪೊಲೀಸರಿಗೆ ಒಪ್ಪಿಸಲು ಹೋಗುತ್ತಾಳಲ್ಲ! ಅವರು ಅಜ್ಜಿಗೆ ಅರಳುಮರಳು ಎಂದುಕೊಂಡು "ನೀವೇ ಇಟ್ಟುಕೊಳ್ಳಿ" ಎನ್ನುತ್ತಾರೆ. ಯಾವ ಸಾಮ್ರಾಜ್ಯ ಠಾಣೆಗೆ ಹೋಗಿ ಹಣ ಒಪ್ಪಿಸಿತ್ತು?

ನಿಷ್ಠುರ:
ಎಲ್ಲ ಮುಗಿದ ಮೇಲೆ ಪ್ರಾಮಾಣಿಕತೆ ಬರುತ್ತದೆ. ಅದೂ ಸೇರಿಸಿಕೊಳ್ಳಿ.

ಅರೆಮಲೆನಾಡು:
ಕೊನೆಯನ್ನೆಲ್ಲ ಹೇಳಿಬಿಟ್ಟಿರಲ್ಲ! ನಾವಿನ್ನೂ ನೋಡಿಲ್ಲ.

ಕಡಲೆಪುರಿ:
ಪಿಮ್ಲಿಕೊದ ಕೊನೆಯನ್ನು ಮೊದಲ ಸಾಲುಗಳಲ್ಲೇ ಹೇಳಿದವರು ಯಾರು, ನೆನಪಿದೆಯೇ?

ಹಳೇ ರೀಲು:
ಅರೆಮಲೆನಾಡು ಅವರೇ, ಮುಂದಿನ ವಾರಕ್ಕೆ 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್' ಇಟ್ಟುಕೊಳ್ಳಿ. ಅದೂ 1949ರದ್ದು. ಆಸ್ತಿ ಮತ್ತು ಪದವಿಗಾಗಿ ದಾಯಾದಿಗಳನ್ನು ಒಬ್ಬೊಬ್ಬರಾಗಿ ಕೊಲ್ಲುವವನ ಕಥೆ. ಸಾಯುವ ದಾಯಾದಿಗಳ ಪಾತ್ರವನ್ನೆಲ್ಲ, ಹೆಂಗಸಿನದ್ದೂ ಸೇರಿ, ಅಲೆಕ್ ಗಿನ್ನೆಸ್ ಒಬ್ಬನೇ ಮಾಡಿದ್ದಾನೆ. ಕೊಲೆಗಾರ ಒಂದು ಸಲವೂ ದನಿ ಎತ್ತುವುದಿಲ್ಲ. ದಾಯಾದಿ ಜಗಳದ ಬಗ್ಗೆ ನಮ್ಮವರಿಗೆ ಯಾರೂ ಟಿಪ್ಪಣಿ ಬರೆದುಕೊಡಬೇಕಾಗಿಲ್ಲ, ಹಾಗಾಗಿ ನಿಮ್ಮತ್ತೆಗೂ ಹಿಡಿಸೀತು.

ಒಂದು ಎಚ್ಚರಿಕೆ. ಅಮೆರಿಕದ ಸೆನ್ಸಾರ್ ನೀತಿಯ ಪ್ರಕಾರ ಅಪರಾಧಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೂಲದಲ್ಲಿ ಕೊನೆಯನ್ನು ನಮ್ಮ ಊಹೆಗೆ ಬಿಟ್ಟಿದ್ದಾರೆ. ಅಲ್ಲಿಗೆ ಕಳಿಸಿದ ಪ್ರತಿಗೆ ಕೆಲವು ಸೆಕೆಂಡುಗಳ ದೃಶ್ಯ ಅಂಟಿಸಿ ಎಲ್ಲವನ್ನೂ ಇತ್ಯರ್ಥ ಮಾಡಿಬಿಟ್ಟಿದ್ದಾರೆ. ನಿಮಗೆ ಸಿಗುವುದು ಯಾವ ಪ್ರತಿಯೋ ನೋಡಿಕೊಳ್ಳಿ. ನಾಯಕ ಜೈಲಿನ ಬಾಗಿಲ ಹೊರಗೆ ನಿಂತು ಏನನ್ನೋ ಮರೆತೆನೆಂದು ನೆನಪಿಸಿಕೊಳ್ಳುತ್ತಾನೆ. ಚಿತ್ರ ಅಲ್ಲೇ ಮುಗಿಯದೆ ಮುಂದುವರಿದರೆ ಟಿವಿ ಆರಿಸಿಬಿಡಿ.

ಅರೆಮಲೆನಾಡು:
ಆರಿಸಿದರೆ ಅತ್ತೆ ಕೇಳುತ್ತಾರೆ, "ಆಮೇಲೆ ಏನಾಯಿತು?"

ಹಳೇ ರೀಲು:
ಕೇಳಲಿ. ಅವರು ಏನಾಯಿತೆಂದು ಊಹಿಸುತ್ತಾರೋ ಅದನ್ನು ಇಲ್ಲಿ ಬಂದು ಬರೆಯಿರಿ. ಟೇಮ್ಸ್ ದಂಡೆಯವರ ಕಚೇರಿಯ ಹಿರಿಯರೂ ಕಾಯುತ್ತಿರುತ್ತಾರೆ.